ಮರಿಸ್ವಾಮಿ ಬಿಟ್ಟುಹೋದ ಗಂಟು

ನಮ್ಮೂರು ಎರಡು ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ. ಕದ್ದುಮುಚ್ಚಿ ಅಲ್ಲ, ಮಟಮಟ ಮಧ್ಯಾಹ್ನ ಹನ್ನೆರಡು ಗಂಟೆಗೆ, ಎಲ್ಲರೂ ನೋಡುತ್ತಿರುವಾಗಲೇ. ಅಂಚೆ ಕಚೇರಿಗೆ ನಾಲ್ಕು ಮೆಟ್ಟಿಲಿದ್ದದ್ದು ಐದಾಗುತ್ತದೆ, ಬಲಕ್ಕೆ ತಿರುಗುತ್ತಿದ್ದ ನಲ್ಲಿ ಎಡಕ್ಕೆ ತಿರುಗುತ್ತದೆ, ಒಳಕ್ಕೆ ತೆರೆಯುತ್ತಿದ್ದ ಬಾಗಿಲು ಹೊರಕ್ಕೆ ತೆರೆಯುತ್ತದೆ. ಮೊದಲ ವಾರ ಎಲ್ಲರ ಮೊಣಕಾಲೂ ತರಚಿರುತ್ತದೆ. ಎರಡನೇ ವಾರ ಯಾರಿಗೂ ಅದರ ನೆನಪಿರುವುದಿಲ್ಲ. ಬರಲಿರುವ ಮಗ್ಗುಲಿನ ಹೆಸರು ಮಾತ್ರ ಆರು ತಿಂಗಳ ಮುಂಚೆಯೇ ಗೊತ್ತಾಗುತ್ತದೆ. ಯಾರು ಏನೇ ಬೀಜ ಹಾಕಿರಲಿ, ಊರ ಬೇಲಿಗಳ ಮೇಲೆಲ್ಲ ಒಂದೇ ಬಳ್ಳಿ ಹಬ್ಬುತ್ತದೆ. ಹೀರೆ ಹಬ್ಬಿದರೆ ಹೀರೆ, ತೊಂಡೆ ಹಬ್ಬಿದರೆ ತೊಂಡೆ. ನಾನು ಹುಟ್ಟಿದ್ದು ಕುಂಬಳದಲ್ಲಿ. ಮದುವೆಯಾದದ್ದು ಹಾಗಲದಲ್ಲಿ, ಹಾಗಲ ಮುಗಿಯುವಷ್ಟರಲ್ಲಿ ಮದುವೆಯೂ ಮುಗಿದಿತ್ತು. ಈಗ ಹೇಳಹೊರಟಿರುವುದು ಸೋರೆ ಬಂದ ವರ್ಷದ ಮಾತು. ಆ ಆರು ತಿಂಗಳು ಊರಿಗೆ ಊರೇ ಸೋರೆಕಾಯಿ ಪಲ್ಯ, ಸೋರೆಕಾಯಿ ಹುಳಿ, ಸೋರೆಕಾಯಿ ದೋಸೆ ತಿಂದು ಸುಸ್ತಾಗಿತ್ತು.

ಊರಿಡೀ ಒಂದೇ ಸಲ ಹೊಸದಾಗುವುದಿಲ್ಲ. ನಮ್ಮಲ್ಲಿ ಮೂರು ಕೇರಿಗಳು, ನಡುವೆ ಎರಡು ಮೋರಿಗಳು. ಹೊಸ ಮಗ್ಗುಲು ಮೊದಲು ಬರುವುದು ಹೊಸಕೇರಿಗೆ. ಎರಡು ವರ್ಷ ಅಲ್ಲಿದ್ದು ಅದು ನಡುಕೇರಿಗೆ ಇಳಿಯುತ್ತದೆ, ಮತ್ತೆರಡು ವರ್ಷಕ್ಕೆ ಹಳೇಕೇರಿಗೆ. ಹಳೇಕೇರಿಯಿಂದ ಹೊರಬಿದ್ದದ್ದು ಎಲ್ಲಿಗೆ ಹೋಗುತ್ತದೆಂದು ಕೇಳಿದವರಿಲ್ಲ. ಹೀಗಾಗಿ ಯಾವಾಗ ನೋಡಿದರೂ ಊರಲ್ಲಿ ಮೂರು ಕಾಲ ಒಟ್ಟಿಗೇ ನಡೆಯುತ್ತಿರುತ್ತವೆ, ಮತ್ತು ನಮ್ಮವರು ಯಾವ ಬಾಗಿಲ ಮುಂದೆ ನಿಂತರೂ ಅಭ್ಯಾಸಬಲದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದೇ ನಿಲ್ಲುತ್ತಾರೆ. ಕಂಪ್ಯೂಟರುಗಳಿಗೂ ಇದೇ ಕಟ್ಟಳೆ. ಅವುಗಳಲ್ಲಿ ಓಡುವುದು ಹೊರಗಿನವರು ಬಳಸುವ ಲಿನಕ್ಸೇ. ಆದರೆ ಇಲ್ಲಿ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಮೋರಿ ದಾಟಿದರೆ ಸಾಕು, ಅದು ಹಿಂದಿನ ಕೇರಿಯ ಸಾಮಾನನ್ನೆಲ್ಲ ಅಲ್ಲೇ ಬಿಟ್ಟು ಹೊಸ ಕೇರಿಯದಾಗಿಬಿಡುತ್ತದೆ.

ನನ್ನ ಹೆಸರು ಅಂಬುಜಾಕ್ಷಿ. ನಾನು ಗಂಟು ಕಟ್ಟುವವಳು. ಒಂದು ಪ್ರೋಗ್ರಾಮು, ಅದು ನಡೆಯಲು ಬೇಕಾದ ಇತರ ಸಾಮಾನುಗಳ ಚೀಟಿ, ಎರಡನ್ನೂ ಸೇರಿಸಿ, ಮೂರು ಕೇರಿಗಳಲ್ಲಿ ಎಲ್ಲಿ ಬಿಚ್ಚಿದರೂ ಕೆಲಸ ಮಾಡುವ ಹಾಗೆ ಕಟ್ಟಿಡುವುದು ನನ್ನ ಕೆಲಸ. ಹೊರಗೆ ಇದಕ್ಕೆ ಪ್ಯಾಕೇಜು ಅನ್ನುತ್ತಾರಂತೆ. ಇಪ್ಪತ್ತೆರಡು ವರ್ಷಗಳಲ್ಲಿ ಹನ್ನೊಂದು ಮಗ್ಗುಲು ದಾಟಿಸಿದ್ದೇನೆ. ನನ್ನ ಹೆಸರಿನಲ್ಲಿ ಅರವತ್ಮೂರು ಗಂಟುಗಳಿದ್ದವು. ಆಸ್ಪತ್ರೆಯ ಔಷಧಿ ಪಟ್ಟಿಯಿಂದ ಹಿಡಿದು ಹಾಲಿನ ಡೇರಿಯ ತಕ್ಕಡಿಯವರೆಗೆ. ಒಂದೂ ದಾರಿಯಲ್ಲಿ ಬಿಚ್ಚಿಕೊಂಡಿರಲಿಲ್ಲ. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಕೆಲಸ ಬಲ್ಲವಳು ತಲೆ ತಗ್ಗಿಸಿಕೊಂಡು ಓಡಾಡುವುದು ನನಗೆ ಹಿಡಿಸುವುದಿಲ್ಲ.

ಊರಿನ ನಿಯಮ ಒಂದೇ ಒಂದು. ಊರ ಕಚೇರಿಯ ಮುಂದಿನ ಹಲಗೆಯ ಮೇಲೆ ಯಾವುದಕ್ಕೆ ಬದುಕಿರುವ ಒಬ್ಬರ ಹೆಸರು ಹೊಣೆಯಾಗಿ ಇಲ್ಲವೋ, ಅದು ಮಗ್ಗುಲಾದ ಮೇಲೆ ಇರುವುದಿಲ್ಲ. ಸಿನಿಮಾ ಟಾಕೀಸಿನ ಎದುರು ಒಂದು ಕಲ್ಲು ಬೆಂಚು ಇತ್ತು, ಈಗಿಲ್ಲ. ನಡುಕೇರಿಯಲ್ಲಿ ನಲವತ್ತು ಹೆಜ್ಜೆ ಉದ್ದದ ಒಂದು ಓಣಿ ಇತ್ತು. ಅದರ ಹೊಣೆ ಹೊತ್ತಿದ್ದ ಯಜಮಾನರು ತೀರಿಕೊಂಡಾಗ ಅವರ ಮೂರು ಜನ ಗಂಡುಮಕ್ಕಳೂ ಇನ್ನೊಬ್ಬ ರುಜು ಹಾಕಿರುತ್ತಾನೆ ಅಂದುಕೊಂಡರು. ಈಗ ಅಲ್ಲಿ ಗೋಡೆ ಇದೆ. ಜನ ಸುತ್ತು ಹಾಕಿಕೊಂಡು ಹೋಗುತ್ತಾರೆ, ಅಷ್ಟೆ.

ಸೋರೆಗೆ ಐವತ್ತು ದಿನ ಬಾಕಿಯಿದ್ದಾಗ ಚೆನ್ನಾಜಮ್ಮ ನನ್ನ ಮನೆಗೆ ಬಂದರು. ಚೆನ್ನಾಜಮ್ಮನನ್ನು ಊರಲ್ಲಿ ನೋಡದವರು ಇರಬಹುದು, ಕೇಳದವರಿಲ್ಲ. ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಹಿಂದೆ ಕೂತು ಬಸ್ಸುಗಳನ್ನು ಕೂಗಿದವರು. ಅವರು ಹೇಳಿದರೆ ಮಾತ್ರ ಬಸ್ಸು ಹೊರಟಂತೆ. ಕಣ್ಣೆದುರೇ ಹೊರಟರೂ ಜನ ನಂಬುತ್ತಿರಲಿಲ್ಲ. ಆಮೇಲೆ ಗಂಟಲಿಗೆ ಕಾಯಿಲೆಯಾಯಿತು, ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಆಗ ನಡುಕೇರಿಯ ಮರಿಸ್ವಾಮಿ ಎಂಬ ಮನುಷ್ಯ ನಿಲ್ದಾಣದಲ್ಲಿ ಬಿದ್ದಿದ್ದ ಹಳೆಯ ಟೇಪುಗಳನ್ನೆಲ್ಲ ತಂದು, ಆಕೆಯ ದನಿಯನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಬರೆದದ್ದನ್ನು ಅದೇ ದನಿಯಲ್ಲಿ ಓದಿ ಹೇಳುವ ಒಂದು ಪ್ರೋಗ್ರಾಮು ಮಾಡಿಕೊಟ್ಟ. ಅದರ ಗಂಟಿಗೆ ದನಿ ಎಂದೇ ಹೆಸರಿಟ್ಟ. ಅಂಗೈಯಗಲದ ಪೆಟ್ಟಿಗೆಯೊಂದನ್ನು ಚೆನ್ನಾಜಮ್ಮ ಕೊರಳಿಗೆ ತೂಗುಹಾಕಿಕೊಂಡಿರುತ್ತಿದ್ದರು. ಬೆರಳಲ್ಲಿ ಒತ್ತುತ್ತಿದ್ದರು, ಅದು ಮಾತಾಡುತ್ತಿತ್ತು.

ಟೇಪುಗಳಲ್ಲಿ ಇದ್ದದ್ದು ಬಸ್ಸಿನ ಸುದ್ದಿ ಮಾತ್ರವಾದ್ದರಿಂದ ಪೆಟ್ಟಿಗೆಗೆ ಬಂದದ್ದೂ ಅದೇ ಧಾಟಿ. ಪ್ರತಿ ಮಾತಿನ ಮೊದಲು ಟಿಣ್ ಎಂದು ಗಂಟೆ ಹೊಡೆದು, "ಪ್ರಯಾಣಿಕರ ಗಮನಕ್ಕೆ" ಎಂದೇ ಶುರುವಾಗಬೇಕು. ತರಕಾರಿಯವನ ಹತ್ತಿರ ಚೌಕಾಶಿ ಮಾಡುವಾಗಲೂ ಅದೇ. ಆ ದಿನ ನನ್ನ ಬಾಗಿಲಲ್ಲಿ ನಿಂತು ಒತ್ತಿದರು.

"ಪ್ರಯಾಣಿಕರ ಗಮನಕ್ಕೆ. ಮರಿಸ್ವಾಮಿಯವರು ಹೊರಟುಹೋಗಿದ್ದಾರೆ. ನನ್ನ ಮುಂದಿನ ವ್ಯವಸ್ಥೆ ಏನೆಂದು ದಯವಿಟ್ಟು ತಿಳಿಸಿ."

ಮರಿಸ್ವಾಮಿ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ನಾವೆಲ್ಲ ಮಣ್ಣಿಗೆ ಹೋಗಿ ಬಂದಿದ್ದೆವು. ಹಲಗೆಯ ಮೇಲೆ ಮಾತ್ರ ದನಿಯ ಪಕ್ಕದಲ್ಲಿ ಅವನ ಹೆಸರು ಹಾಗೇ ಕೂತಿತ್ತು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಚೆನ್ನಾಜಮ್ಮನಿಗೆ ಚೀಟಿ ಬರೆದು ತೋರಿಸಿ ಬದುಕುವುದು ಬರದೆ ಇರಲಿಲ್ಲ. ಆದರೆ ಆಕೆಯ ಗಂಡ ಗುರುಲಿಂಗಯ್ಯನವರಿಗೆ ಕಣ್ಣು ಕಾಣುವುದಿಲ್ಲ. ಹುಟ್ಟಿನಿಂದಲೇ ಇಲ್ಲ. ಹಳೇಕೇರಿಯಲ್ಲಿ ಒಂದು ಅಂಗಡಿ ಇಟ್ಟುಕೊಂಡು ಬೆತ್ತದ ಕುರ್ಚಿ ಹೆಣೆಯುತ್ತಾರೆ. ಮನೆ ಹೊಸಕೇರಿಯಲ್ಲಿ. ದಿನಾ ಬೆಳಿಗ್ಗೆ ಹೆಂಡತಿ ಕೈಹಿಡಿದು ಎರಡು ಮೋರಿ ದಾಟಿಸಿ ಅಂಗಡಿಗೆ ಬಿಡುತ್ತಾರೆ, ಸಂಜೆ ಕರೆತರುತ್ತಾರೆ. ದಾರಿಯುದ್ದಕ್ಕೂ ಪೆಟ್ಟಿಗೆ ಮಾತಾಡುತ್ತಿರುತ್ತದೆ; ಇಲ್ಲಿ ಮೆಟ್ಟಿಲಿದೆ, ಅಲ್ಲಿ ಸಗಣಿ ಇದೆ, ಎದುರಿಗೆ ಬಂದವನು ನಿಮ್ಮ ಚಿಕ್ಕಪ್ಪನ ಮಗ, ಸ್ವಲ್ಪ ನಗಿ. ಆ ದನಿ ನಿಂತರೆ ಆ ಮನೆಯಲ್ಲಿ ಒಬ್ಬರು ಕಾಣದೆ, ಇನ್ನೊಬ್ಬರು ಹೇಳಲಾಗದೆ, ಒಂದೇ ಚಾಪೆಯ ಮೇಲೆ ಕೂತು ಬೇರೆ ಬೇರೆ ಊರಲ್ಲಿರಬೇಕಾಗಿತ್ತು. ಇದೆಲ್ಲ ಊರಿಗೇ ಗೊತ್ತಿತ್ತು.

ನಾನು ಹೊಣೆ ಹೊರುತ್ತೇನೆ ಅಂದೆ. ಹೆದರಬೇಡಿ, ನನ್ನ ಕೈಗೆ ಬಂದ ಗಂಟು ಈವರೆಗೆ ಯಾವುದೂ ಹಿಂದೆ ಉಳಿದಿಲ್ಲ ಅಂತಲೂ ಅಂದೆ. ಮಗ್ಗುಲಿಗೆ ನಲವತ್ತು ದಿನ ಮುಂಚೆ ಹಲಗೆಗೆ ಮುದ್ರೆ ಬೀಳುತ್ತದೆ. ಅದಾದ ಮೇಲೆ ಹೊಸ ಗಂಟು ಸೇರಿಸುವಂತಿಲ್ಲ. ಅಂದರೆ ನನಗೆ ಹತ್ತು ದಿನವಿತ್ತು, ಹತ್ತು ದಿನ ನನಗೆ ಧಾರಾಳವಾಗಿತ್ತು.

ಮರಿಸ್ವಾಮಿಯ ಕೆಲಸ ಬಿಚ್ಚಿ ನೋಡಿದಾಗ ನಗು ಬಂತು. ಒಳ್ಳೆಯ ತಲೆ, ಆದರೆ ಅಡುಗೆಮನೆಯಲ್ಲಿ ಎಲ್ಲಾ ಡಬ್ಬಿಗೂ ಒಂದೇ ಹೆಸರು ಬರೆದಿಟ್ಟ ಹಾಗೆ ಬರೆದಿದ್ದ. ಒಂದು ಕಡೆ ಅವನೇ ಟಿಪ್ಪಣಿ ಹಾಕಿಕೊಂಡಿದ್ದ: ಈ ಸಾಲು ಯಾಕೆ ಬೇಕೋ ಗೊತ್ತಿಲ್ಲ, ತೆಗೆದರೆ ಮಾತು ನಿಲ್ಲುತ್ತದೆ. ನಾನು ಎಲ್ಲವನ್ನೂ ಗುಡಿಸಿ ಒಪ್ಪ ಮಾಡಿದೆ. ಆ "ಪ್ರಯಾಣಿಕರ ಗಮನಕ್ಕೆ" ಹೋಗದಿರಲು ಕಾರಣ ಅವನ ಒಂದು ಸಣ್ಣ ಲೆಕ್ಕದ ತಪ್ಪು. ಅದನ್ನೂ ತಿದ್ದಿ, ಪೆಟ್ಟಿಗೆಗೆ ಹಾಕಿ, ದೊಡ್ಡ ಉಪಕಾರ ಮಾಡಿದ ಗತ್ತಿನಲ್ಲಿ ಗುರುಲಿಂಗಯ್ಯನವರ ಅಂಗಡಿಗೆ ಹೋದೆ. ಚೆನ್ನಾಜಮ್ಮ ಒತ್ತಿದರು. ಪೆಟ್ಟಿಗೆ ನೇರವಾಗಿ, ಕಾಫಿ ತರಲೇ ಎಂದು ಕೇಳಿತು. ಗುರುಲಿಂಗಯ್ಯನವರ ಕೈ ನಿಂತುಹೋಯಿತು. ಅಂಗಡಿಯೊಳಗೆ ಯಾರು ಬಂದರು ಎಂದು ಕೇಳಿದರು.

ನಾನು ವಿವರಿಸಿದ ಮೇಲೆ ಅವರು ಬೆತ್ತ ಸವರುತ್ತಾ ಹೇಳಿದರು. "ಅದ್ನ ವಾಪಸ್ ಹಾಕ್ಬಿಡಿ ಅಂಬುಜಕ್ಕ. ಆ ಗಂಟೆ ಹೊಡೆದ್ರೇನೆ ನಂಗೆ ಇವಳು ಅಂತ ಗೊತ್ತಾಗೋದು. ಅದೂ ಅಲ್ದೆ ಆಪರೇಷನ್ ಆದ್ಮೇಲೆ ಇವಳು ನಂಗೆ ದಯವಿಟ್ಟು ಅಂತ ಮರ್ಯಾದೆ ಕೊಟ್ಟು ಮಾತಾಡ್ತಾಳೆ. ಮೂವತ್ತು ವರ್ಷಕ್ಕೆ ಸಿಕ್ಕಿರೋ ಮರ್ಯಾದೆ, ಕಳೀಬೇಡಿ."

ತಪ್ಪನ್ನು ಹಾಗೆಯೇ ವಾಪಸ್ ಇಟ್ಟೆ. ನಮ್ಮ ಕೆಲಸದಲ್ಲಿ ಇದು ಹೊಸದಲ್ಲ. ಒಬ್ಬರು ಮಾಡಿದ ತಪ್ಪಿನ ಮೇಲೆ ಇನ್ನೊಬ್ಬರು ಸಂಸಾರ ಹೂಡಿರುತ್ತಾರೆ, ಗೊತ್ತಿಲ್ಲದೆ ಕಿತ್ತರೆ ಅವರ ಮನೆ ಬೀಳುತ್ತದೆ.

ಇನ್ನುಳಿದದ್ದು ಸೋರೆಯ ಪರೀಕ್ಷೆ. ಕಚೇರಿಯ ಹಿಂಭಾಗದಲ್ಲಿ ಮೊಳಕೆ ಕೋಣೆ ಎಂಬುದೊಂದಿದೆ. ಬರಲಿರುವ ಮಗ್ಗುಲು ಆ ಕೋಣೆಗೆ ಮಾತ್ರ ಮೊದಲೇ ಬಂದಿರುತ್ತದೆ. ಹೊಸ್ತಿಲು ದಾಟಿದರೆ ಯಂತ್ರ ಸೋರೆಯದಾಗುತ್ತದೆ, ಹೊರಬಂದರೆ ಮೊದಲಿನಂತೆ. ಅದರ ಕೀಲಿ ಇರುವುದು ಫಕ್ರುದ್ದೀನ್ ಸಾಬರ ಹತ್ತಿರ. ನನಗಿಂತ ಹತ್ತು ವರ್ಷ ದೊಡ್ಡವರು, ಏರುದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ನಾನು ನನ್ನ ಯಂತ್ರ ಹಿಡಿದು ಒಳಗೆ ಹೋದೆ, ದನಿಯ ಗಂಟು ಬಿಚ್ಚಿದೆ, ಗಂಟೆ ಹೊಡೆಯಿತು, ಪ್ರಯಾಣಿಕರ ಗಮನ ಸೆಳೆಯಿತು. ಹೊರಗೆ ಬಂದು ರುಜು ಹಾಕಿದೆ. ಮಾರನೆಯ ದಿನ ಮುದ್ರೆ ಬಿತ್ತು. ಚೆನ್ನಾಜಮ್ಮ ತಮ್ಮ ಪೆಟ್ಟಿಗೆಯನ್ನೂ ಒಮ್ಮೆ ಆ ಕೋಣೆಯಲ್ಲಿ ನೋಡಬೇಕೇ ಎಂದು ಕೇಳಿದ್ದರು. ನಾನಿದ್ದೀನಲ್ಲ ಅಂದಿದ್ದೆ.

ಮಗ್ಗುಲಿಗೆ ಒಂಬತ್ತು ದಿನ ಇದ್ದಾಗ ಫಕ್ರುದ್ದೀನ್ ಸಾಬರು ಹೇಳಿಕಳಿಸಿದರು. ಹೋಗಿ ನೋಡಿದರೆ ಮೊಳಕೆ ಕೋಣೆಯ ಹೊಸ್ತಿಲೊಳಗೆ ಚೆನ್ನಾಜಮ್ಮ ನಿಂತಿದ್ದಾರೆ. ಮನಸ್ಸು ತಡೆಯದೆ ಒಮ್ಮೆ ಕೇಳಿ ಹೋಗೋಣವೆಂದು ಬಂದಿದ್ದರಂತೆ. ಒತ್ತುತ್ತಾರೆ, ಪೆಟ್ಟಿಗೆ ಸುಮ್ಮನಿದೆ. ಮತ್ತೆ ಒತ್ತುತ್ತಾರೆ. ಆ ಬೆರಳುಗಳು ಒತ್ತಿದ ಅಕ್ಷರಗಳು ಪರದೆಯ ಮೇಲೆ ಕಾಣುತ್ತಿದ್ದವು: ಹಲೋ. ಹಲೋ. ರೀ. ರೀ.

ನಾನು ಪೆಟ್ಟಿಗೆ ಕೆಟ್ಟಿದೆ ಅಂದೆ. ಅದನ್ನು ಯೋಚಿಸಿ ಹೇಳಲಿಲ್ಲ, ಬಾಯಿಗೆ ಅದೇ ಮೊದಲು ಬಂತು. ಪೆಟ್ಟಿಗೆ ಹಳೆಯದಾಗಿರಬೇಕು, ಸ್ಪೀಕರು ಹೋಗಿರಬೇಕು, ನನ್ನ ಗಂಟು ನಾನೇ ನೋಡಿದ್ದೇನೆ, ಚೆನ್ನಾಗಿ ಮಾತಾಡಿತ್ತು. ಚೆನ್ನಾಜಮ್ಮ ಹೊಸ್ತಿಲಿನಿಂದ ಒಂದು ಹೆಜ್ಜೆ ಹೊರಗೆ ಬಂದು ಒತ್ತಿದರು. ಟಿಣ್ ಎಂದಿತು. "ಪ್ರಯಾಣಿಕರ ಗಮನಕ್ಕೆ. ಪೆಟ್ಟಿಗೆ ಸುಸ್ಥಿತಿಯಲ್ಲಿದೆ" ಎಂದಿತು. ಮತ್ತೆ ಒಳಗೆ ಹೋಗಿ ಒತ್ತಿದರು. ಸುಮ್ಮನಾಯಿತು.

ಫಕ್ರುದ್ದೀನ್ ಸಾಬರು ನನ್ನನ್ನು ಪಕ್ಕಕ್ಕೆ ಕರೆದರು. "ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ ಅಂಬುಜಕ್ಕ. ನಿಮ್ ಮೆಷೀನಿನ ಅಟ್ಟ ಖಾಲಿ ಮಾಡಿ ಎಷ್ಟ್ ವರ್ಷ ಆಯ್ತು?"

ಇದನ್ನು ಬಿಡಿಸಿ ಹೇಳಬೇಕು. ಎಲ್ಲರ ಯಂತ್ರಗಳೂ ಕೇರಿ ದಾಟುವಾಗ ಹಳೆಯ ಸಾಮಾನನ್ನು ಹಿಂದೆ ಬಿಡುತ್ತವೆ ಅಂದೆನಲ್ಲ, ಗಂಟು ಕಟ್ಟುವವರ ಯಂತ್ರಗಳು ಮಾತ್ರ ಬಿಡುವುದಿಲ್ಲ. ನಮಗೆ ಹಳೆಯದೂ ಬೇಕಾಗುವುದರಿಂದ ಎಲ್ಲವನ್ನೂ ಅಟ್ಟಕ್ಕೆ ಹಾಕಿ ಇಟ್ಟುಕೊಳ್ಳುತ್ತವೆ. ಆದ್ದರಿಂದ ಪರೀಕ್ಷೆಗೆ ಮುಂಚೆ ನಾವು ಅಟ್ಟವನ್ನು ಕೈಯಾರೆ ಖಾಲಿ ಮಾಡಬೇಕು. ಅರ್ಧ ದಿನದ ಬೇಸರದ ಕೆಲಸ. ಕಲಿಯುವಾಗ ಮೊದಲು ಹೇಳಿಕೊಡುವುದೇ ಇದನ್ನು. ನಾನು ನಾಲ್ಕು ಮಗ್ಗುಲಿನಿಂದ, ಅಂದರೆ ಎಂಟು ವರ್ಷದಿಂದ, ಅದನ್ನು ಮಾಡಿರಲಿಲ್ಲ. ದನಿಯ ಶಬ್ದವನ್ನು ಸ್ಪೀಕರಿಗೆ ಮುಟ್ಟಿಸುವುದು ಅಲೆ ಎಂಬ ಇನ್ನೊಂದು ಗಂಟು. ಸೋರೆಯಲ್ಲಿ ಹಳೆಯ ಅಲೆ ಇಲ್ಲ. ಅದರ ಜಾಗಕ್ಕೆ ಹೊಸ ಅಲೆ ಬಂದಿದೆ, ಹಳೆಯದನ್ನು ಕರೆದ ಹಾಗೆ ಕರೆದರೆ ಅದು ಓಗೊಡುವುದಿಲ್ಲ. ನನ್ನ ಚೀಟಿಯಲ್ಲಿ ನಾನು, ಅಲೆ ಯಾವುದಾದರೂ ಸರಿ ಎಂದು ಬರೆದಿದ್ದೆ. ನನ್ನ ಯಂತ್ರದಲ್ಲಿ ದನಿ ಮಾತಾಡಿದ್ದು ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಹಳೆಯ ಅಲೆಯಿಂದ. ಸೋರೆ ಬಂದ ಕೇರಿಯಲ್ಲಿ ಇನ್ನಾರ ಬಳಿಯೂ ಅದು ಇರುವುದಿಲ್ಲ.

ಅಲ್ಲೇ ಗೋಡೆಗೆ ಒರಗಿ ನಿಂತೆ. ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು, ಸಾಬರ ಮೇಲೆ. ಅವರು ಮಾಡಿದ್ದ ತಪ್ಪಾದರೂ ಏನು? ಕಂಡುಹಿಡಿದದ್ದೇ ತಪ್ಪು.

ತಿದ್ದುವುದು ದೊಡ್ಡ ಮಾತಾಗಿರಲಿಲ್ಲ. ದನಿ ಎದ್ದ ಕೂಡಲೇ, ಇಲ್ಲಿರುವುದು ಯಾವ ಅಲೆ ಎಂದು ಮೊದಲು ವಿಚಾರಿಸಬೇಕು, ಹಳೆಯದಾದರೆ ಹಳೆಯ ರೀತಿ, ಹೊಸದಾದರೆ ಹೊಸ ರೀತಿ ಕರೆಯಬೇಕು. ಎರಡು ದಿನದಲ್ಲಿ ಬರೆದು ಮುಗಿಸಿದೆ. ಈ ಸಲ ಅಟ್ಟ ಖಾಲಿ ಮಾಡಿ, ಸಾಲದ್ದಕ್ಕೆ ಚೆನ್ನಾಜಮ್ಮನ ಪೆಟ್ಟಿಗೆಯಲ್ಲೇ ಹಾಕಿ, ಮೊಳಕೆ ಕೋಣೆ, ಹೊಸಕೇರಿ, ನಡುಕೇರಿ ಮೂರರಲ್ಲೂ ಮಾತಾಡಿಸಿ ನೋಡಿದೆ; ಹಳೇಕೇರಿಯದು ಹೇಗೂ ಹೊರಬೀಳುವುದಿತ್ತು. ನಡೆಯಿತು. ಕಷ್ಟವಿದ್ದದ್ದು ಬೇರೆ ಕಡೆ. ಮುದ್ರೆ ಬಿದ್ದ ಮೇಲೆ ಹಲಗೆಯ ಗಂಟನ್ನು ಬದಲಿಸಲು ಒಂದೇ ದಾರಿ. ಬೆಳಿಗ್ಗೆ ಹತ್ತು ಗಂಟೆಗೆ ಹಲಗೆಯ ಮುಂದೆ ನಿಂತು, ಕಟ್ಟಿದವರು ತಮ್ಮ ತಪ್ಪನ್ನು ತಾವೇ ಬರೆದು ತಾವೇ ಓದಬೇಕು. ಸೇರಿದವರು ಒಪ್ಪಬೇಕು. ಒಪ್ಪಿದರೆ ಆಯಿತು ಅಂತಲೂ ಅಲ್ಲ. ಒಂದು ತಪ್ಪು ಓದಿದವರ ಎಲ್ಲಾ ಗಂಟುಗಳನ್ನೂ ಉಳಿದ ಕಟ್ಟುವವರು ಬಿಚ್ಚಿ ನೋಡುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಅಲ್ಲಿ ನಿಂತಿರಲಿಲ್ಲ. ಬೇರೆಯವರು ಓದುವಾಗ ಮೊದಲ ಸಾಲಿನಲ್ಲಿ ಕೈಕಟ್ಟಿ ನಿಂತು ಕೇಳುತ್ತಿದ್ದೆ, ಕೇಳುತ್ತಾ ತಲೆ ಅಲ್ಲಾಡಿಸುತ್ತಿದ್ದೆ.

ಒಂದು ಮಧ್ಯಾಹ್ನವಿಡೀ ಅಡ್ಡದಾರಿಯ ಬಗ್ಗೆಯೂ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಹಳೆಯ ಅಲೆಯನ್ನೇ ತೆಗೆದು ದನಿಯ ಗಂಟಿನೊಳಗೆ ಮಡಿಸಿ ಬಚ್ಚಿಡಬಹುದಿತ್ತು. ಮೇಲಿನ ಬಟ್ಟೆ ಅದೇ, ರುಜು ಅದೇ, ಸಾಬರು ಕಣ್ಣು ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹೀರೆ ಬಂದಾಗ ಒಬ್ಬ ಹೀಗೇ ಮಾಡಿದ್ದ. ಬಚ್ಚಿಟ್ಟದ್ದಕ್ಕೆ ಹಲಗೆಯ ಮೇಲೆ ಹೆಸರಿರುವುದಿಲ್ಲವಲ್ಲ, ಹನ್ನೆರಡು ಹೊಡೆದ ಮೇಲೆ ಬಿಚ್ಚಿದರೆ ಗಂಟಿನ ಹೊಟ್ಟೆ ಟೊಳ್ಳಾಗಿತ್ತು. ನನ್ನ ಮಾನ ಉಳಿಯುತ್ತಿತ್ತು, ಮಗ್ಗುಲಿನ ತನಕ. ಆಮೇಲೆ ಗುರುಲಿಂಗಯ್ಯನವರು ಅಂಗಡಿಯಲ್ಲಿ ಕೂತು ಯಾರು ಬಂದರು ಎಂದು ಕೇಳುತ್ತಿದ್ದರು, ಯಾರೂ ಉತ್ತರ ಕೊಡುತ್ತಿರಲಿಲ್ಲ. ಎದ್ದು ಹೋಗಿ ಒಂದು ಹಾಳೆ ತಂದೆ.

ಮಗ್ಗುಲಿಗೆ ಆರು ದಿನ. ಹಲಗೆಯ ಮುಂದೆ ಹತ್ತಿಪ್ಪತ್ತು ಜನ ಸೇರುತ್ತಾರೆ ಅಂದುಕೊಂಡಿದ್ದೆ, ಇನ್ನೂರು ಜನ ಸೇರಿದ್ದರು. ಅಂಬುಜಾಕ್ಷಿ ತಪ್ಪು ಓದುತ್ತಾಳಂತೆ ಎಂಬ ಸುದ್ದಿ ಮೂರೂ ಕೇರಿಗೆ ಹಬ್ಬಿತ್ತು. ಡೇರಿಯವರು ಬಾಗಿಲು ಹಾಕಿಕೊಂಡು ಬಂದಿದ್ದರು. ಗುರುಲಿಂಗಯ್ಯನವರು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಹಿಂದುಗಡೆ ನಿಂತಿದ್ದರು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದೆ.

"ನಾನು ಅಂಬುಜಾಕ್ಷಿ. ದನಿ ಎಂಬ ಗಂಟು ಸೋರೆಯಲ್ಲಿ ನಡೆಯುತ್ತದೆ ಎಂದು ರುಜು ಹಾಕಿದೆ. ಅದು ನಡೆದದ್ದು ನನ್ನ ಯಂತ್ರದಲ್ಲಿ ಮಾತ್ರ. ಅಟ್ಟ ಖಾಲಿ ಮಾಡದೆ ಪರೀಕ್ಷೆ ಮಾಡಿದ್ದೆ. ಎಂಟು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ. ಗೊತ್ತಾದ ಮೇಲೆ ತಪ್ಪು ಚೆನ್ನಾಜಮ್ಮನವರ ಪೆಟ್ಟಿಗೆಯದು ಎಂದು ಹೇಳಿದೆ. ತಪ್ಪು ನನ್ನದು."

ಓದಿ ಮುಗಿಸಿ ಹಾಳೆ ಮಡಿಸಿದೆ. ಆಮೇಲೆ ಹಿಂದಿನಿಂದ ಟಿಣ್ ಎಂದು ಗಂಟೆ ಹೊಡೆಯಿತು. ಇನ್ನೂರು ತಲೆಗಳೂ ಒಮ್ಮೆಲೇ ತಿರುಗಿದವು. ಆ ಗಂಟೆಗೆ ತಿರುಗುವುದು ಊರಿನ ಮೈಗೆ ಬಂದ ಅಭ್ಯಾಸ.

"ಪ್ರಯಾಣಿಕರ ಗಮನಕ್ಕೆ. ಒಪ್ಪಿಗೆ ಇದೆ."

ಜನ ನಕ್ಕರು, ನಗುನಗುತ್ತಲೇ ಕೈಯೆತ್ತಿದರು. ಫಕ್ರುದ್ದೀನ್ ಸಾಬರು ಹಲಗೆಯ ಮುದ್ರೆ ಒಡೆದು ಹಳೆಯ ಗಂಟನ್ನು ತೆಗೆದು ಹೊಸದನ್ನು ಇಟ್ಟರು. ಉಳಿದ ಕಟ್ಟುವವರು ಮೂರು ದಿನ ಕೂತು ನನ್ನ ಅರವತ್ಮೂರನ್ನೂ ಬಿಚ್ಚಿ ನೋಡಿದರು. ಎರಡರಲ್ಲಿ ಅದೇ ರೋಗವಿತ್ತು. ಅದರಲ್ಲೊಂದು ಆಸ್ಪತ್ರೆಯ ಔಷಧಿ ಪಟ್ಟಿ. ಎರಡನ್ನೂ ತಿದ್ದಿ, ಹಲಗೆಯ ಮುಂದೆ ಮತ್ತೆರಡು ಸಲ ಓದಿದೆ. ಮೂರನೆಯ ಸಲಕ್ಕೆ ಹಾಳೆ ಹಿಡಿಯಲು ಒಂದೇ ಕೈ ಸಾಕಾಯಿತು. ಉಳಿದ ಅರವತ್ತೊಂದು ಒಳ್ಳೆಯ ಗಂಟುಗಳು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಮಗ್ಗುಲಿನ ದಿನ ಗಂಟು ಕಟ್ಟುವವರು ಸಾಮಾನ್ಯವಾಗಿ ಕಚೇರಿಯಲ್ಲಿ ಸೇರುತ್ತಾರೆ. ನಾನು ಹನ್ನೊಂದೂವರೆಗೆ ಹೊಸಕೇರಿಯ ಚೆನ್ನಾಜಮ್ಮನ ಮನೆಗೆ ಹೋದೆ. ಬೆಳಕು ಬೀಳುವ ಹಜಾರದಲ್ಲಿ ಗುರುಲಿಂಗಯ್ಯನವರು ಅರ್ಧ ಮುಗಿದ ಕುರ್ಚಿಯೊಂದನ್ನು ತಂದಿಟ್ಟುಕೊಂಡು ಹೆಣೆಯುತ್ತಿದ್ದರು. ಚೆನ್ನಾಜಮ್ಮ ಎದುರಿಗೆ ಕೂತು ಒಂದೇ ಸಮನೆ ಒತ್ತುತ್ತಿದ್ದರು. ಪ್ರಯಾಣಿಕರ ಗಮನಕ್ಕೆ, ಉಪ್ಪಿನ ಡಬ್ಬಿ ಒಲೆಯ ಬಲಗಡೆ ಇದೆ. ಪ್ರಯಾಣಿಕರ ಗಮನಕ್ಕೆ, ನಿಮ್ಮ ಬಿಳಿ ಪಂಚೆ ಟ್ರಂಕಿನ ತಳದಲ್ಲಿದೆ. ಪ್ರಯಾಣಿಕರ ಗಮನಕ್ಕೆ, ಹಿತ್ತಲಿನ ಮೆಟ್ಟಿಲು ಇಂದು ಬದಲಾಗುವ ಸಾಧ್ಯತೆ ಇದೆ, ನಿಧಾನವಾಗಿ ಇಳಿಯಿರಿ. ಬೆರಳುಗಳು ಓಡುತ್ತಿದ್ದವು. ನಾನು ಬಂದದ್ದನ್ನು ನೋಡಿ ತಲೆಯಾಡಿಸಿದರು, ಒತ್ತುವುದು ನಿಲ್ಲಿಸಲಿಲ್ಲ. ಗಂಟಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲವೆಂದಲ್ಲ. ದನಿ ಒಮ್ಮೆ ಹೋದದ್ದನ್ನು ಕಂಡವರು ಆಕೆ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಗುರುಲಿಂಗಯ್ಯನವರು ಬೆತ್ತದ ತುದಿಯನ್ನು ಹಲ್ಲಿನಿಂದ ಬಿಡಿಸಿಕೊಂಡು ಅಂದರು. "ಸಾಕು ಸುಮ್ನಿರು. ಈ ಕುರ್ಚಿ ಸರಿ ಬಂದದಾ ಅಂತ ನೋಡಿ ಹೇಳು. ಈಗ್ಲೇ ಬ್ಯಾಡ. ಹನ್ನೆರಡು ಹೊಡೀಲಿ, ಆಮೇಲೆ ಹೇಳು."

ಚೆನ್ನಾಜಮ್ಮ ಬೆರಳು ತೆಗೆದರು. ಮನೆಯಲ್ಲಿ ಬೆತ್ತ ಬೆತ್ತಕ್ಕೆ ಉಜ್ಜುವ ಸದ್ದು ಮಾತ್ರ ಉಳಿಯಿತು. ಕೆಲಸ ಸರಿಯಾಗಿದೆ ಎಂದು ನನಗೆ ಗೊತ್ತಿತ್ತು, ಮೂರು ಸಲ ನೋಡಿದ್ದೆ, ಆದರೂ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಿದ್ದೆ.

ಹನ್ನೆರಡು ಹೊಡೆಯಿತು. ನಾನು ಹಿಡಿದಿದ್ದ ಚೌಕಟ್ಟು ಕೈಯೊಳಗೇ ಒಂದು ಬೆರಳಿನಷ್ಟು ಅಗಲವಾಯಿತು. ಅಡುಗೆಮನೆಯ ನಲ್ಲಿ ಒಮ್ಮೆ ಗೊರ್ ಎಂದು ಸುಮ್ಮನಾಯಿತು. ಹಿತ್ತಲಲ್ಲಿ ಮೆಟ್ಟಿಲೊಂದು ಕೂತುಕೊಂಡ ಸದ್ದು ಕೇಳಿಸಿತು. ಬೇಲಿಯ ಮೇಲೆ ಆರು ತಿಂಗಳಿಂದ ತೂಗುತ್ತಿದ್ದ ಸೋರೆಗಳು ಪಟಪಟನೆ ತೊಟ್ಟು ಕಳಚಿ ಬಿದ್ದವು. ಹೊಸಕೇರಿ ಸೋರೆಯಾಗಿತ್ತು.

ಚೆನ್ನಾಜಮ್ಮ ಎದ್ದರು. ಕುರ್ಚಿಯ ಮುಂದೆ ಬಗ್ಗಿ, ಹೆಣಿಗೆಯ ಮೇಲೆ ಅಂಗೈ ಆಡಿಸಿ, ಸಾಲು ಸಾಲಾಗಿ ನೋಡಿದರು. ಅವಸರ ಮಾಡಲಿಲ್ಲ. ಕೊರಳಿನ ಪೆಟ್ಟಿಗೆ ಎತ್ತಿಕೊಂಡು ಒತ್ತಿದರು. ಗುರುಲಿಂಗಯ್ಯನವರ ಎರಡೂ ಕೈ ಕುರ್ಚಿಯ ಅಂಚಿನ ಮೇಲೆ ನಿಂತಿದ್ದವು, ಮುಖ ಮಾತ್ರ ಹೆಂಡತಿಯ ಕಡೆಗೆ ತಿರುಗಿತ್ತು.

ಟಿಣ್ ಎಂದಿತು.

"ಪ್ರಯಾಣಿಕರ ಗಮನಕ್ಕೆ. ಮೂರನೇ ಸಾಲು ತಪ್ಪಿದೆ. ದಯವಿಟ್ಟು ಬಿಚ್ಚಿ ಮತ್ತೆ ಹೆಣೆಯಿರಿ."

ನಾನು ಅತ್ತುಬಿಟ್ಟೆ. ಗುರುಲಿಂಗಯ್ಯನವರು ಕುರ್ಚಿಯನ್ನು ತೊಡೆಗೆ ಎಳೆದುಕೊಂಡರು, ಬೆರಳಿನಿಂದ ಎಣಿಸಿ ಆ ಸಾಲನ್ನು ಹುಡುಕಿದರು, ನಗುತ್ತಾ ಬಿಚ್ಚತೊಡಗಿದರು.